ಕೊರಳೊಳಗಿನ ಕಹಳೆ

ಊಟ ಮಾಡುತ್ತ ಮಾತಾಡುವವರಿಗೆ ಒಂದಲ್ಲ ಒಂದು ದಿನ ನೆತ್ತಿಗೇರುತ್ತದೆ. ಒಂದು ಅಗುಳು, ಇಲ್ಲವೇ ಸಾರಿನ ಒಂದು ತೊಟ್ಟು ಸಾಕು. ಕಣ್ಣಲ್ಲಿ ನೀರು, ಮುಖವೆಲ್ಲ ಕೆಂಪು, ನಿಲ್ಲದ ಕೆಮ್ಮು. ಪಕ್ಕದಲ್ಲಿದ್ದವರು ನೆತ್ತಿ ತಟ್ಟುತ್ತಾರೆ. ಎದುರಿಗಿದ್ದವರು ‘ಯಾರೋ ನೆನೆಸ್ಕೊಳ್ತಿದಾರೆ ನೋಡು’ ಅನ್ನುತ್ತಾರೆ. ಆದರೆ ಆ ಅಗುಳು ನೆತ್ತಿಯ ಕಡೆಗೇನೂ ಹೊರಟಿರುವುದಿಲ್ಲ. ನಾಲಿಗೆಯ ಬುಡ ದಾಟಿದ ಮೇಲೆ ದಾರಿ ಎರಡಾಗುತ್ತದೆ, ಮುಂದುಗಡೆ ಶ್ವಾಸನಾಳ, ಹಿಂದುಗಡೆ ಅನ್ನನಾಳ. ಮೂಗಿನಿಂದ ಬಂದ ಉಸಿರು ಮುಂದಕ್ಕೆ ಹೋಗಬೇಕು, ಬಾಯಿಂದ ಬಂದ ಅನ್ನ ಹಿಂದಕ್ಕೆ ಹೋಗಬೇಕು. ಹಾಗಾಗಿ ಗಂಟಲಿನಲ್ಲಿ ಎರಡೂ ಒಂದನ್ನೊಂದು ಅಡ್ಡ ಹಾಯಲೇಬೇಕು. ತಿಂದದ್ದು ಕುಡಿದದ್ದೆಲ್ಲ ಉಸಿರಿನ ಬಾಗಿಲ ಮೇಲೆಯೇ ಹಾದುಹೋಗಬೇಕಾದ ಈ ವಿಚಿತ್ರ ಏರ್ಪಾಟನ್ನು ಡಾರ್ವಿನ್ 1859ರ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದಲ್ಲೇ ಗುರುತಿಸಿ ಅಚ್ಚರಿಪಟ್ಟಿದ್ದ. ತಿಳಿದು ಕಟ್ಟಿದ ಯಾವ ಮೇಸ್ತ್ರಿಯೂ ಹೀಗೆ ಕಟ್ಟುತ್ತಿರಲಿಲ್ಲ.

ಆ ಬಾಗಿಲೇ ನಮ್ಮ ಧ್ವನಿಪೆಟ್ಟಿಗೆ. ಅದರ ಮೊದಲ ಕೆಲಸ ಕಾವಲು. ಮಾತು, ಹಾಡು, ಬೈಗುಳ, ಭಜನೆ ಎಲ್ಲವೂ ಆಮೇಲೆ ಬಂದು ಸೇರಿಕೊಂಡವು. ನೀರಿನಲ್ಲಿದ್ದೂ ಗಾಳಿ ಕುಡಿಯುವ ಶ್ವಾಸಮೀನುಗಳಲ್ಲಿ ಶ್ವಾಸಕೋಶದ ಬಾಯಿಯನ್ನು ನೀರು ನುಗ್ಗದಂತೆ ಬಿಗಿಯುವ ಒಂದು ಸ್ನಾಯುವಿದೆ. ಅದು ಹಾಡುವುದಿಲ್ಲ, ಕೂಗುವುದಿಲ್ಲ, ಮುಚ್ಚುತ್ತದೆ ಅಷ್ಟೆ. ನಮ್ಮ ಕೊರಳಿನ ಕಥೆ ಶುರುವಾಗುವುದು ಅಲ್ಲಿಂದ. ಅನ್ನ ನುಂಗುವಾಗ ಗಂಟಲಮಣಿಯ ಮೇಲೆ ಬೆರಳಿಟ್ಟು ನೋಡಿ, ಇಡೀ ಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜಿಗಿದು ನಾಲಿಗೆಯ ಬುಡದ ಆಸರೆಗೆ ಸರಿಯುತ್ತದೆ. ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಪದರ ಹಿಂದಕ್ಕೆ ಬಾಗುತ್ತದೆ. ಅದರ ಕೆಳಗೆ ಎರಡು ಜೊತೆ ಮಡಿಕೆಗಳು ಒಂದರ ಮೇಲೊಂದು ಮುಚ್ಚಿಕೊಳ್ಳುತ್ತವೆ. ಮೂರು ಹಂತದ ಬೀಗ. ಮೂರನ್ನೂ ದಾಟಿ ಏನಾದರೂ ಒಳಗೆ ಇಣುಕಿದರೆ ಕೆಮ್ಮು ಅದನ್ನು ಹೊರಗೆಸೆಯುತ್ತದೆ.

ಕಾವಲಿನ ಜೊತೆಗೆ ಇನ್ನೊಂದು ಕೆಲಸವೂ ಉಂಟು. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಎತ್ತುವ ಹಮಾಲರನ್ನು ಗಮನಿಸಿ. ಎತ್ತುವ ಕ್ಷಣಕ್ಕೆ ಉಸಿರು ಬಿಗಿಹಿಡಿಯುತ್ತಾರೆ, ಭುಜಕ್ಕೇರಿಸಿದ ಮೇಲೆ ‘ಹ್ಞಾ’ ಎಂದು ಬಿಡುತ್ತಾರೆ. ಕೊರಳ ಬಾಗಿಲು ಮುಚ್ಚಿದಾಗ ಎದೆಯೊಳಗಿನ ಗಾಳಿ ಸಿಕ್ಕಿಬಿದ್ದು ಎದೆಗೂಡು ಗಟ್ಟಿಯಾಗಿ ನಿಲ್ಲುತ್ತದೆ. ತೋಳಿನ ಸ್ನಾಯುಗಳಿಗೆ ಅದೇ ಆಧಾರ. ಹೆರಿಗೆ ಕೋಣೆಯಲ್ಲಿ ದಾದಿ ‘ಮುಕ್ಕಮ್ಮಾ, ಮುಕ್ಕು’ ಅನ್ನುವಾಗಲೂ ಕೆಲಸ ಮಾಡುವುದು ಇದೇ ಬಾಗಿಲು. ಆ ‘ಹ್ಞಾ’ ಇದೆಯಲ್ಲ, ಅದರಲ್ಲೇ ಮಾತಿನ ಮೂಲವೂ ಇದೆ. ಬಾಗಿಲು ಬಿಗಿಯಾಗಿ ಮುಚ್ಚಿದರೆ ಮೌನ, ಪೂರ್ತಿ ತೆರೆದರೆ ಬರೀ ಉಸಿರು. ಮೆತ್ತಗೆ ಮುಚ್ಚಿ ಕೆಳಗಿನಿಂದ ಗಾಳಿ ಒತ್ತಿದರೆ ಧ್ವನಿ.

ಈ ಬಾಗಿಲಿನ ಚೌಕಟ್ಟನ್ನು ಹೊರಗಿನಿಂದಲೇ ಸವರಿ ನೋಡಬಹುದು. ಗದ್ದದ ಕೆಳಗೆ, ಕುತ್ತಿಗೆ ಶುರುವಾಗುವಲ್ಲಿ ಎರಡು ಬದಿಯಿಂದ ಮೆಲ್ಲಗೆ ಹಿಡಿದರೆ ಸಿಗುವ ಸಣ್ಣ ಬಾಗಿದ ಎಲುಬು ಹಯಾಯ್ಡ್. ದೇಹದ ಬೇರೆ ಯಾವ ಎಲುಬಿನೊಂದಿಗೂ ಇದು ಕೀಲು ಕೂಡಿಲ್ಲ. ಸ್ನಾಯು, ತಂತುಗಳ ಮೇಲೆಯೇ ತೂಗಾಡುತ್ತದೆ. ಅದರ ಕೆಳಗೆ ಥೈರಾಯ್ಡ್ ಮೃದ್ವಸ್ಥಿ. ಎರಡು ಅಗಲ ಹಲಗೆಗಳು ಮುಂದುಗಡೆ ಮೂಲೆಯಾಗಿ ಕೂಡಿವೆ. ಗಂಡಸರಲ್ಲಿ ಆ ಮೂಲೆ ಹತ್ತಿರಹತ್ತಿರ 90 ಡಿಗ್ರಿ, ಹೆಂಗಸರಲ್ಲಿ 120ರ ಆಸುಪಾಸು. ಮೂಲೆ ಚೂಪಾದಷ್ಟೂ ಗಂಟಲಮಣಿ ಹೊರಗೆ ಎದ್ದು ಕಾಣುತ್ತದೆ, ಒಳಗಿನ ಮಡಿಕೆಗಳಿಗೆ ಉದ್ದವೂ ಸಿಗುತ್ತದೆ. ಇನ್ನೂ ಕೆಳಗೆ ಬೆರಳು ಜಾರಿಸಿದರೆ ಒಂದು ಸಣ್ಣ ತಗ್ಗು, ಅದಾದ ಮೇಲೆ ಕ್ರೈಕಾಯ್ಡ್. ಇದು ಮುದ್ರೆಯುಂಗುರದ ಆಕಾರದ್ದು. ಮುದ್ರೆಯ ಅಗಲ ಭಾಗ ಬೆನ್ನಿನ ಕಡೆಗಿದೆ. ಇಡೀ ಉಸಿರಿನ ದಾರಿಯಲ್ಲಿ ಪೂರ್ತಿ ಸುತ್ತು ಬಂದಿರುವ ಮೃದ್ವಸ್ಥಿಯ ಉಂಗುರ ಇದೊಂದೇ. ಆ ಅಗಲ ಭಾಗದ ಮೇಲೆ, ಬೆರಳಿಗೆ ಸಿಗದ ಜಾಗದಲ್ಲಿ, ಆರಿಟಿನಾಯ್ಡ್ ಎಂಬ ಎರಡು ಪುಟ್ಟ ಮುಕ್ಕೋನ ಮೃದ್ವಸ್ಥಿಗಳು ಕೂತಿವೆ. ಗಾತ್ರ ನೋಡಿದರೆ ಏನೂ ಅಲ್ಲ, ಆದರೆ ಬಾಗಿಲ ಕೀಲಿರುವುದು ಅಲ್ಲಿ. ಅವು ತಿರುಗಿ, ಸರಿದು, ಓಲಾಡಿದರೆ ಮಡಿಕೆಗಳು ಕೂಡುತ್ತವೆ, ಅಗಲುತ್ತವೆ.

ಎರಡು ಜೊತೆ ಮಡಿಕೆಗಳಲ್ಲಿ ಕೆಳಗಿನ ಈ ಜೊತೆಯನ್ನೇ ನಾವು ಧ್ವನಿತಂತು ಅನ್ನುವುದು. ಮುಂದುಗಡೆ ಎರಡೂ ಥೈರಾಯ್ಡ್ ಮೂಲೆಯ ಒಳಬದಿಗೆ ಒಂದೇ ಕಡೆ ಅಂಟಿವೆ. ಹಿಂದೆ ಒಂದೊಂದು ತುದಿ ಒಂದೊಂದು ಆರಿಟಿನಾಯ್ಡಿಗೆ. ಬೆಳೆದ ಗಂಡಸಿನಲ್ಲಿ ಉದ್ದ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್, ಹೆಂಗಸಿನಲ್ಲಿ ಅದಕ್ಕೂ ಕಡಿಮೆ. ಸುಮ್ಮನೆ ಉಸಿರಾಡುವಾಗ ಇವು ಹಿಂದುಗಡೆ ಅಗಲಿ ಒಂದು ತ್ರಿಕೋನದ ಕಿಂಡಿ ಬಿಟ್ಟಿರುತ್ತವೆ. ಈ ಕಿಂಡಿಯನ್ನು ತೆರೆಯುವ ಸ್ನಾಯು ಒಂದೇ ಒಂದು ಜೊತೆ. ಮುಚ್ಚುವುದಕ್ಕೆ ಮಾತ್ರ ಹಲವಾರು ಸ್ನಾಯುಗಳು. ಇದನ್ನು ನೋಡಿದರೇ ಈ ಅಂಗ ಯಾವ ಕೆಲಸಕ್ಕೆ ಹುಟ್ಟಿದ್ದು ಎಂದು ಹೇಳಿಬಿಡಬಹುದು.

ಧ್ವನಿ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಕನ್ನಡದ ಹಳೆಯ ಉತ್ತರ ಹದಿಮೂರನೆಯ ಶತಮಾನದ್ದು. ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಹೇಳುವ ಪ್ರಕಾರ, ಜೀವದ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ಹಾಗೆ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳುಪು. ಬಣ್ಣದ ಮಾತು ಬಿಡೋಣ. ಜಾಗವೂ ಎರಡು ಗೇಣು ಕೆಳಗಾಯಿತು. ಆದರೂ ಇಚ್ಛೆ, ಗಾಳಿ, ಕಹಳೆ ಎಂಬ ಮೂರನ್ನು ಒಂದೇ ಉಸಿರಿಗೆ ಜೋಡಿಸಿದ್ದು ಸಣ್ಣ ಸಂಗತಿಯಲ್ಲ. ಕೇಶಿರಾಜನ ಮನಸ್ಸಿನಲ್ಲಿ ಶರೀರಶಾಸ್ತ್ರ ಇರಲಿಲ್ಲ ನಿಜ, ಆದರೆ ಆ ಕಹಳೆಯ ಮಾತು ಅವನಿಗಿಂತ ಐನೂರು ವರ್ಷ ಆಮೇಲೆ ಬಂದ ಪ್ಯಾರಿಸ್ಸಿನ ಶರೀರತಜ್ಞನ ಹೋಲಿಕೆಗಿಂತ ಹೆಚ್ಚು ಸರಿಯಾಗಿತ್ತು.

ಆ ತಜ್ಞ ಆಂಟೊಯ್ನ್ ಫೆರೈನ್. 1741ರಲ್ಲಿ ಅವನು ಹೆಣಗಳಿಂದ ತೆಗೆದ ಧ್ವನಿಪೆಟ್ಟಿಗೆಗಳಿಗೆ ಗಾಳಿ ಊದಿ ನೋಡಿದ. ಸದ್ದು ಬಂತು. ಮಡಿಕೆಗಳ ಅಂಚು ಕಂಪಿಸುವುದೂ ಕಂಡಿತು. ಅವು ಪಿಟೀಲಿನ ಜಾತಿಯ ವಾದ್ಯದ ತಂತಿಗಳು, ಉಸಿರೇ ಕಮಾನು ಎಂದು ತೀರ್ಮಾನಿಸಿದ. ಪ್ರಯೋಗ ಅದ್ಭುತ, ತೀರ್ಮಾನ ಅರ್ಧ ತಪ್ಪು. ತಂತಿ ತಾನೇ ಅಲುಗಿ ಗಾಳಿಯನ್ನು ಅಲುಗಿಸುತ್ತದೆ. ಕೊರಳಲ್ಲಿ ನಡೆಯುವುದು ಬೇರೆ: ಅಲ್ಲಿ ಸದ್ದಾಗುವುದು ಗಾಳಿಯ ಹರಿವು ತುಂಡುತುಂಡಾಗುವುದರಿಂದ. ಜಾತ್ರೆಯಲ್ಲಿ ಕಹಳೆ ಊದುವವರ ತುಟಿ ನೋಡಿದ್ದೀರಲ್ಲ? ತುಟಿ ಬಿಗಿದು ಗಾಳಿ ಒತ್ತಿದಾಗ ತುಟಿಗಳು ಬಾಯಿ ಬಿಡುತ್ತವೆ, ಮತ್ತೆ ಮುಚ್ಚುತ್ತವೆ, ಮತ್ತೆ ಬಿಡುತ್ತವೆ. ಪ್ರತಿಸಲವೂ ಒಂದೊಂದು ಗುಟುಕು ಗಾಳಿ ಕೊಳವೆಗೆ ಸಿಡಿಯುತ್ತದೆ. ಕೊರಳ ಮಡಿಕೆಗಳದ್ದೂ ಅದೇ ಕೆಲಸ. ಮಾತಾಡುವಾಗ ಕೆಳಗಿನಿಂದ ಬರುವ ಒತ್ತಡ ಹೆಚ್ಚೇನಿಲ್ಲ, ನೀರಿನ ಮಟ್ಟವನ್ನು ಐದರಿಂದ ಹತ್ತು ಸೆಂಟಿಮೀಟರ್ ಎತ್ತುವಷ್ಟು. ಆ ಒತ್ತಡಕ್ಕೆ ಮಡಿಕೆಗಳ ಕೆಳಅಂಚು ಮೊದಲು ಅಗಲುತ್ತದೆ, ಆಮೇಲೆ ಮೇಲಂಚು. ಗಾಳಿ ನುಗ್ಗಿದ ಕೂಡಲೇ ಕೆಳಅಂಚು ಮೊದಲು ಮುಚ್ಚಿಕೊಳ್ಳುತ್ತದೆ. ಮಡಿಕೆಯ ಸ್ವಂತ ಬಿಗುವು ಅದನ್ನು ಹಿಂದಕ್ಕೆಳೆಯುತ್ತದೆ, ಕಿಂಡಿಯಲ್ಲಿ ವೇಗವಾಗಿ ಹರಿಯುವ ಗಾಳಿಯಿಂದ ಅಲ್ಲಿನ ಒತ್ತಡ ತಗ್ಗಿ ಇನ್ನಷ್ಟು ಸೆಳೆಯುತ್ತದೆ. ಒಂದು ಸುತ್ತು ಮುಗಿಯಿತು. ಸಾಮಾನ್ಯ ಮಾತಿನಲ್ಲಿ ಗಂಡಸರ ಕೊರಳಲ್ಲಿ ಇದು ಸೆಕೆಂಡಿಗೆ 100ರಿಂದ 130 ಸಲ ನಡೆಯುತ್ತದೆ, ಹೆಂಗಸರಲ್ಲಿ 200ರ ಆಸುಪಾಸು. ಆಗತಾನೆ ಹುಟ್ಟಿದ ಕೂಸಿನ ಅಳುವಿನಲ್ಲಿ 400ರಿಂದ 500.

ಪ್ರತಿ ಬಡಿತಕ್ಕೂ ಮಿದುಳಿನಿಂದ ಒಂದೊಂದು ಆಜ್ಞೆ ಬರುತ್ತದೆಯೇ? 1950ರಲ್ಲಿ ರಾವುಲ್ ಹ್ಯೂಸೋ ಎಂಬ ಫ್ರೆಂಚ್ ವಿದ್ವಾಂಸ ಹಾಗೆಂದೇ ವಾದಿಸಿದ. ಸ್ವಲ್ಪಕಾಲ ಅದಕ್ಕೆ ಬೆಂಬಲವೂ ಇತ್ತು. ಆದರೆ ಫೆರೈನ್ ಊದಿದ ಪೆಟ್ಟಿಗೆಗಳಿಗೆ ನರವೂ ಇರಲಿಲ್ಲ, ಮಿದುಳೂ ಇರಲಿಲ್ಲ, ಆದರೂ ಅವು ಕೂಗಿದ್ದವಲ್ಲ. 1958ರಲ್ಲಿ ನೆದರ್ಲೆಂಡ್ಸಿನ ವಾನ್ ಡೆನ್ ಬರ್ಗ್ ಲೆಕ್ಕ ಬಿಡಿಸಿಟ್ಟ: ಮಿದುಳಿನ ಕೆಲಸ ಮಡಿಕೆಗಳನ್ನು ಹತ್ತಿರ ತಂದು ಹದವಾಗಿ ಬಿಗಿಯುವುದು, ಎದೆಯಿಂದ ಗಾಳಿ ಒತ್ತುವುದು. ಉಳಿದದ್ದು ಗಾಳಿಗೂ ಮಡಿಕೆಯ ಬಿಗುವಿಗೂ ಬಿಟ್ಟ ವಿಷಯ. ಆಮೇಲೆ, 1970ರ ದಶಕದಲ್ಲಿ, ಜಪಾನಿನ ಮಿನೋರು ಹಿರಾನೋ ಮಡಿಕೆಯನ್ನು ಅಡ್ಡಡ್ಡ ಕೊಯ್ದು ಪದರಪದರವಾಗಿ ನೋಡಿದರು. ಒಳಗೆ ಸ್ನಾಯು, ಹೊರಗೆ ತೆಳುವಾದ ಲೋಳೆಪೊರೆ, ನಡುವೆ ಮೆತ್ತಗಿನ, ಜಾರುವ ಒಂದು ಪದರ. ಆ ಜಾರುವ ಪದರ ಇರುವುದರಿಂದಲೇ ಹೊದಿಕೆ ಸ್ನಾಯುವಿನ ಮೇಲೆ ಸ್ವತಂತ್ರವಾಗಿ ಅಲೆಯಾಡುತ್ತದೆ. ಅದು ಗಾಯವಾಗಿ ಗಟ್ಟಿಕಟ್ಟಿದರೆ ಧ್ವನಿ ಒರಟಾಗುತ್ತದೆ, ಅದನ್ನು ಹೊಸದಾಗಿ ಹಾಕಿಕೊಡುವ ವಿದ್ಯೆ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ.

ಸ್ಥಾಯಿ ಏರಿಸುವುದು ಹೇಗೆ ಎಂದು ತಿಳಿಯಲು ಆ ಸಣ್ಣ ತಗ್ಗಿಗೆ, ಥೈರಾಯ್ಡಿಗೂ ಕ್ರೈಕಾಯ್ಡಿಗೂ ನಡುವಿನ ಜಾಗಕ್ಕೆ, ಬೆರಳಿಟ್ಟು ಷಡ್ಜದಿಂದ ಮೇಲೇರಿ ನೋಡಬಹುದು. ತಗ್ಗು ಕಿರಿದಾಗುತ್ತ ಬರುತ್ತದೆ. ಎರಡನ್ನೂ ಸೇರಿಸುವ ಸ್ನಾಯು ಎಳೆದಾಗ ಮಡಿಕೆಗಳು ಹಿಗ್ಗಿ ತೆಳುವಾಗಿ ಬಿಗಿಯಾಗುತ್ತವೆ, ಬಡಿತ ಹೆಚ್ಚುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜಕ್ಕೆ ಮಡಿಕೆಗಳು ಸೆಕೆಂಡಿಗೆ ಸುಮಾರು 139 ಸಲ ಬಡಿದರೆ ತಾರ ಷಡ್ಜಕ್ಕೆ 277 ಸಲ. ಯಕ್ಷಗಾನದ ಭಾಗವತರು ಇದಕ್ಕಿಂತ ಏರಿದ ಶ್ರುತಿಯಲ್ಲಿ, ಚೆಂಡೆಯ ಪಕ್ಕದಲ್ಲೇ ಕೂತು ಗಂಟೆಗಟ್ಟಲೆ ಹಾಡುತ್ತಾರೆ. ಲೆಕ್ಕ ಹಾಕಲು ಹೋದರೆ ತಲೆ ತಿರುಗುತ್ತದೆ.

ಹುಡುಗರ ಗಂಟಲು ಒಡೆಯುವುದೂ ಇದೇ ಯಂತ್ರದ ಬೆಳವಣಿಗೆ. ಹದಿಹರೆಯದಲ್ಲಿ ಟೆಸ್ಟೊಸ್ಟೆರಾನ್ ಏರಿದಾಗ ಮೃದ್ವಸ್ಥಿ ಬೆಳೆದು, ಮಡಿಕೆಗಳು ಉದ್ದವೂ ದಪ್ಪವೂ ಆಗಿ, ಸ್ಥಾಯಿ ಸುಮಾರು ಒಂದು ಸಪ್ತಕ ಇಳಿಯುತ್ತದೆ. ಹೊಸ ಅಳತೆಗೆ ಮಿದುಳು ಹೊಂದಿಕೊಳ್ಳುವ ತನಕ ಮಾತು ಜಾರುತ್ತಿರುತ್ತದೆ. ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಎಷ್ಟೋ ಹುಡುಗರ ಅದೃಷ್ಟ ಒಂದು ಮಳೆಗಾಲದೊಳಗೆ ತಿರುಗಿಬಿಡುತ್ತಿದ್ದದ್ದು ಇದರಿಂದಲೇ.

ಬದುಕಿರುವ ಮನುಷ್ಯನ ಕೊರಳೊಳಗೆ ಇದೆಲ್ಲ ನಡೆಯುವುದನ್ನು ಮೊದಲು ಕಂಡು ಲೋಕಕ್ಕೆ ಹೇಳಿದ್ದು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ಪ್ಯಾರಿಸ್ಸಿನಲ್ಲಿ ಉದ್ದ ಹಿಡಿಯ ಹಲ್ಲುವೈದ್ಯರ ಕನ್ನಡಿಯೊಂದನ್ನು ಕೊಂಡುತಂದ. ಹಬೆ ಕಟ್ಟದಿರಲೆಂದು ಬಿಸಿನೀರಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ತಾಗಿಸಿ ಹಿಡಿದ. ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿದ. ತನ್ನದೇ ಗಂಟಲ ಆಳದಲ್ಲಿ ಮಡಿಕೆಗಳು ತೆರೆದು ಮುಚ್ಚುವುದು ಕಂಡಿತು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಹೋಯಿತು. ಮನುಷ್ಯ 101 ವರ್ಷ ಬಾಳಿದ. 1905ರಲ್ಲಿ ಅವನ ನೂರರ ಹಬ್ಬವನ್ನು ಗಂಟಲ ವೈದ್ಯರೇ ಮುಂದೆ ನಿಂತು ಮಾಡಿದರು.

ಈಗ ಇಎನ್‌ಟಿ ವೈದ್ಯರ ಕೋಣೆಯಲ್ಲಿ ಕಾಣುವುದು ಅದಕ್ಕಿಂತ ಮೇಲು. ಗಾಜ್ ಬಟ್ಟೆಯಲ್ಲಿ ನಾಲಿಗೆ ಹಿಡಿದು ಮುಂದಕ್ಕೆಳೆದು, ಕ್ಯಾಮೆರಾ ಇರುವ ಕೊಳವೆಯನ್ನು ಬಾಯೊಳಗೆ ತಂದು ‘ಈ... ಅನ್ನಿ’ ಅನ್ನುತ್ತಾರೆ. ನಾಲಿಗೆ ಅವರ ಕೈಯಲ್ಲಿರುವುದರಿಂದ ಬರುವುದು ‘ಹೇ’ ಅಂತಲೇ. ‘ಆ’ ಅನ್ನಿಸದೆ ‘ಈ’ ಅನ್ನಿಸುವುದೇಕೆಂದರೆ, ‘ಈ’ಗೆ ನಾಲಿಗೆಯ ಬುಡ ಮುಂದೆ ಸರಿದು ಎಪಿಗ್ಲಾಟಿಸ್ ಎದ್ದು ಪರದೆ ತೆರೆಯುತ್ತದೆ. ಸೆಕೆಂಡಿಗೆ 200 ಸಲ ಬಡಿಯುವುದನ್ನು ಕಣ್ಣು ಹಿಡಿಯಲಾರದು. ಆದ್ದರಿಂದ ಬೆಳಕನ್ನು ಮಡಿಕೆಗಳ ಬಡಿತದ ವೇಗಕ್ಕಿಂತ ಒಂದಿಷ್ಟೇ ಹಿಂದುಳಿಯುವಂತೆ ಮಿನುಗಿಸುತ್ತಾರೆ. ಪ್ರತಿ ಮಿನುಗಿನಲ್ಲೂ ಬಡಿತದ ಸ್ವಲ್ಪ ಮುಂದಿನ ಹಂತ ಕಂಡು, ಒಟ್ಟಿನಲ್ಲಿ ನಿಧಾನಗತಿಯ ಚಿತ್ರವೊಂದು ಕೂಡಿಬರುತ್ತದೆ. ಪರದೆಯ ಮೇಲೆ ಎರಡು ಮುತ್ತುಬಿಳಿಯ ಪಟ್ಟಿಗಳು, ಸುತ್ತ ನಸುಗೆಂಪು. ಪಟ್ಟಿಗಳ ಅಂಚಿನಿಂದ ಹೊರಕ್ಕೆ ಒಂದು ಅಲೆ ಉರುಳುತ್ತ ಹೋಗುತ್ತದೆ. ಅಂಚಿನಲ್ಲಿ ಎಲ್ಲಾದರೂ ಆ ಅಲೆ ಮುಗ್ಗರಿಸಿದರೆ, ವೈದ್ಯರ ಕಣ್ಣು ಅಲ್ಲೇ ನಿಲ್ಲುತ್ತದೆ.

ಇಷ್ಟೂ ನಡೆದು ಮಡಿಕೆಗಳಿಂದ ಹೊರಡುವುದು ಮಾತಲ್ಲ, ಬರೀ ಝೇಂಕಾರ. ಅದು ‘ಆ’ ಆಗುವುದೋ ‘ಈ’ ಆಗುವುದೋ ನಿರ್ಧಾರವಾಗುವುದು ಮೇಲಿನ ಕೊಳವೆಯಲ್ಲಿ, ಗಂಟಲು, ಬಾಯಿ, ನಾಲಿಗೆ, ತುಟಿಗಳ ಕೈಯಲ್ಲಿ. ಝೇಂಕಾರದೊಳಗೆ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವುಳ್ಳ ಸ್ವರಾಂಶಗಳು ಸಾಲಾಗಿ ಇರುತ್ತವೆ. ಕೊಳವೆ ತನ್ನ ಆಕಾರಕ್ಕೆ ತಕ್ಕಂತೆ ಕೆಲವನ್ನು ಎತ್ತಿಹಿಡಿದು ಉಳಿದವನ್ನು ತಗ್ಗಿಸುತ್ತದೆ. ನಾಲಿಗೆ ತಗ್ಗಿಸಿ ಬಾಯಿ ತೆರೆದರೆ 700 ಮತ್ತು 1,100 ಹರ್ಟ್ಸ್ ಸುತ್ತಿನವು ಎದ್ದು ಕೇಳುತ್ತವೆ, ಅದು ‘ಆ’. ನಾಲಿಗೆಯನ್ನು ಮುಂದೆ ಎತ್ತಿದರೆ 300ರ ಹತ್ತಿರ ಒಂದು, 2,200ರ ಮೇಲೆ ಇನ್ನೊಂದು, ಅದು ‘ಈ’. ಇದನ್ನು ಜಪಾನಿನ ಚಿಬಾ ಮತ್ತು ಕಾಜಿಯಾಮಾ 1941ರಲ್ಲಿ, ಸ್ವೀಡನ್ನಿನ ಗುನ್ನಾರ್ ಫಾಂಟ್ 1960ರಲ್ಲಿ ಗಣಿತವಾಗಿ ತೋರಿಸಿದರು. ಮನೆಯಲ್ಲೇ ಪರೀಕ್ಷಿಸಬೇಕೆಂದರೆ ಪಿಸುಗುಟ್ಟಿ ನೋಡಿ. ಪಿಸುಮಾತಿನಲ್ಲಿ ಮಡಿಕೆಗಳು ಬಡಿಯುವುದೇ ಇಲ್ಲ, ಆದರೂ ‘ಆ’ ‘ಈ’ ಸ್ಪಷ್ಟವಾಗಿ ಬೇರೆಯಾಗಿ ಕೇಳುತ್ತವೆ. ತೊಡಕಾಗುವುದು ‘ಕ’ ‘ಗ’ಗಳಲ್ಲಿ. ‘ಕರಿ’ ಅಂದರೋ ‘ಗರಿ’ ಅಂದರೋ ತಿಳಿಯುವುದು ಕಷ್ಟ.

ಏಕೆಂದರೆ ‘ಕ’ಗೂ ‘ಗ’ಗೂ ನಾಲಿಗೆ ತಾಗುವ ಜಾಗ ಒಂದೇ, ವ್ಯತ್ಯಾಸ ಇರುವುದು ಕೊರಳ ಮಡಿಕೆಗಳ ಬಡಿತದಲ್ಲಿ. ನಮ್ಮ ವರ್ಣಮಾಲೆಯ ವರ್ಗಾಕ್ಷರಗಳ ಒಂದೊಂದು ಸಾಲೂ ಈ ತಿಳುವಳಿಕೆಯ ಮೇಲೆಯೇ ನಿಂತಿದೆ: ಮೊದಲ ಎರಡು ಅಕ್ಷರ ಅಘೋಷ, ಮುಂದಿನ ಎರಡು ಘೋಷ. ವೇದದ ಉಚ್ಚಾರಣೆಯನ್ನು ವಿವರಿಸುವ ಹಳೆಯ ಗ್ರಂಥ ತೈತ್ತಿರೀಯ ಪ್ರಾತಿಶಾಖ್ಯದಲ್ಲಿ ಕಾರಣವನ್ನೂ ಹೇಳಿದ್ದಾರೆ. ಕಂಠ ಮುಚ್ಚಿಕೊಂಡಾಗ ನಾದ, ತೆರೆದಾಗ ಶ್ವಾಸ, ಎರಡರ ನಡುವೆ ಇದ್ದಾಗ ಹಕಾರ. ಕನ್ನಡಿಯೂ ಇಲ್ಲ, ಕ್ಯಾಮೆರಾವೂ ಇಲ್ಲ. ಗಂಟಲಿನೊಳಗೆ ಆಗುವುದನ್ನು ಬರೀ ಅನುಭವದಿಂದ, ಕಿವಿಯಿಂದ ಹಿಡಿದವರು ಇವರು. ಅಮೆರಿಕದ ವಿಲಿಯಂ ಡ್ವೈಟ್ ವಿಟ್ನಿ ಇದನ್ನು ಇಂಗ್ಲಿಷಿಗೆ ತಂದದ್ದು 1871ರಲ್ಲಿ. ಯುರೋಪಿನ ವೈಯಾಕರಣರು ‘ಕ’ ‘ಗ’ಗಳ ಈ ಅಂತರಕ್ಕೆ ಸರಿಯಾದ ಕಾರಣ ಕಂಡುಕೊಳ್ಳಲು ಬಹಳ ಕಾಲ ಒದ್ದಾಡಿದ್ದರು. ನಮ್ಮ ಒಂದನೇ ಕ್ಲಾಸಿನ ಮಗು ಕ ಖ ಗ ಘ ಎಂದು ರಾಗವಾಗಿ ಒದರುವಾಗ ಕೊರಳ ಬಾಗಿಲನ್ನು ಕ್ರಮವಾಗಿ ತೆರೆದು ಮುಚ್ಚುತ್ತಿರುತ್ತದೆ. ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ ಎಂಬುದು ನನ್ನ ತಕರಾರು. ಗಂಟಲ ಮೇಲೆ ಬೆರಳಿಡಲು ಹೇಳಿದರೆ ಸಾಕಿತ್ತು.

ನಮ್ಮ ಹತ್ತಿರದ ಬಂಧುಗಳಾದ ಕೋತಿ, ಚಿಂಪಾಂಜಿಗಳಿಗೂ ಇದೇ ಪೆಟ್ಟಿಗೆ ಇದೆ. ಅವುಗಳ ಮಡಿಕೆಗಳ ಅಂಚಿನಲ್ಲಿ ಇನ್ನೊಂದು ತೆಳುಪೊರೆಯೂ ಉಂಟು. ಅದರಿಂದ ಜೋರಾದ, ಆದರೆ ಚೆಲ್ಲಾಪಿಲ್ಲಿಯಾದ ಕೂಗು ಬರುತ್ತದೆ. ಜಪಾನಿನ ತಾಕೆಶಿ ನಿಶಿಮುರಾ ಮತ್ತು ಜೊತೆಯವರು 43 ಜಾತಿಯ ವಾನರಗಳ ಕೊರಳು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಪ್ರಕಾರ, ಆ ಪೊರೆ ಇಲ್ಲದ್ದು ಮನುಷ್ಯನಿಗೆ ಮಾತ್ರ. ಏನೋ ಸೇರಿದ್ದರಿಂದ ಮಾತು ಬಂತು ಎಂದು ಹುಡುಕುತ್ತಿದ್ದವರಿಗೆ ಏನೋ ಕಳಚಿದ್ದೂ ಕಾರಣವೆಂದು ಕಂಡಿತು.

ಝೇಂಕಾರ ಹುಟ್ಟಿಸುವ ಮಡಿಕೆ, ಅದನ್ನು ರೂಪಿಸುವ ಕೊಳವೆ ಎಂಬ ಲೆಕ್ಕ ಇಟ್ಟುಕೊಂಡು ಗಂಗೂಬಾಯಿ ಹಾನಗಲ್ಲರನ್ನು ಕೇಳುವುದು ಒಂದು ಅನುಭವ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮೊಫೋನ್ ತಟ್ಟೆಗಳಲ್ಲಿ ಧ್ವನಿ ತೆಳು, ಎತ್ತರ, ಎಳೆಯದು. ನಾವೆಲ್ಲ ಬಲ್ಲ ಗಂಗೂಬಾಯಿಯವರದು ಗಂಡುಧ್ವನಿ ಎನ್ನಿಸುವಷ್ಟು ಆಳವಾದ, ತೂಕದ ದನಿ. ನಡುವೆ ಟಾನ್ಸಿಲ್ ಶಸ್ತ್ರಚಿಕಿತ್ಸೆ ಆಯಿತು, ಅದರಿಂದ ಧ್ವನಿ ಬದಲಾಯಿತು ಎಂಬುದು ಹುಬ್ಬಳ್ಳಿ ಧಾರವಾಡದ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಶರೀರಶಾಸ್ತ್ರ ಇಲ್ಲಿ ಸ್ವಲ್ಪ ಅನುಮಾನಪಡುತ್ತದೆ. ಟಾನ್ಸಿಲ್ ಇರುವುದು ಬಾಯಿಯ ಹಿಂಗೋಡೆಯ ಅಕ್ಕಪಕ್ಕ, ಧ್ವನಿಮಡಿಕೆಗಳಿಗಿಂತ ಎಷ್ಟೋ ಮೇಲೆ. ಅವನ್ನು ತೆಗೆದರೆ ಕೊಳವೆಯ ಆಕಾರ ತುಸು ಬದಲಾಗಿ ಧ್ವನಿಯ ಬಣ್ಣ ಬೇರೆಯಾಗಬಹುದು. ಸ್ಥಾಯಿ ಇಳಿಯಬೇಕಾದರೆ ಮಡಿಕೆಗಳೇ ದಪ್ಪವಾಗಬೇಕು ಇಲ್ಲವೇ ಸಡಿಲಾಗಬೇಕು. ವಯಸ್ಸು, ದುಡಿಮೆ, ಹಾರ್ಮೋನು, ಗಂಟಲಬೇನೆ ಎಲ್ಲಕ್ಕೂ ಅದರಲ್ಲಿ ಪಾಲಿರಲು ಸಾಧ್ಯ. ಕಾರಣ ಏನೇ ಇರಲಿ, ಕಿರಾನಾ ಘರಾಣೆಯ ನಿಧಾನ ಆಲಾಪಕ್ಕೆ ಆ ಹೊಸ ಧ್ವನಿಯನ್ನೇ ಒಗ್ಗಿಸಿಕೊಂಡು ತೊಂಬತ್ತು ದಾಟುವ ತನಕ ಹಾಡಿದ್ದು ವೈದ್ಯಶಾಸ್ತ್ರದ ಸಂಗತಿಯಲ್ಲ, ಅವರದೇ ಸಾಧನೆ.

ಮಡಿಕೆಗಳಿಗೆ ಆಜ್ಞೆ ಒಯ್ಯುವ ನರದ ದಾರಿಯೂ ಒಂದು ಸೋಜಿಗ. ಮಿದುಳಿನಿಂದ ಕೊರಳಿಗೆ ಗೇಣು ದೂರ. ಆದರೆ ಎಡಗಡೆಯ ನರ ಕೊರಳನ್ನು ದಾಟಿ ಎದೆಗಿಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿಗೆ ಸುತ್ತು ಹಾಕಿ, ಮತ್ತೆ ಮೇಲೆ ಬರುತ್ತದೆ. ಬಲಗಡೆಯದು ಬಲಗೈಗೆ ಹೋಗುವ ಧಮನಿಯನ್ನು ಸುತ್ತಿ ತಿರುಗುತ್ತದೆ. ಕೊರಳೇ ಇಲ್ಲದ ಮೀನಿನಂಥ ಪೂರ್ವಜರಲ್ಲಿ ನೇರವಾಗಿದ್ದ ದಾರಿ, ಹೃದಯ ಕೆಳಗೆ ಸರಿದಂತೆ ಹೀಗೆ ಎಳೆಯಲ್ಪಟ್ಟಿತು. ಜಿರಾಫೆಯಲ್ಲಂತೂ ಈ ಸುತ್ತು ನಾಲ್ಕು ಮೀಟರಿಗೂ ಮಿಕ್ಕಿದ್ದು. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ವೈದ್ಯ ಗೇಲನ್ ಎಲ್ಲರೆದುರು ಕಿರುಚುತ್ತಿದ್ದ ಹಂದಿಯ ಈ ನರಗಳನ್ನು ಕತ್ತರಿಸಿ ತೋರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ಕೂಗು ಮಾತ್ರ ನಿಂತಿತು. ಯೋಚನೆ, ಮಾತು ಹೃದಯದಿಂದ ಬರುತ್ತವೆ ಎನ್ನುತ್ತಿದ್ದವರಿಗೆ ಅದೊಂದು ಪೆಟ್ಟು.

ಈ ಬಳಸುದಾರಿಯ ದೆಸೆಯಿಂದ ಎದೆಯ ಕಾಯಿಲೆ ಕೊರಳಲ್ಲಿ ಮಾತಾಡುತ್ತದೆ. ಧ್ವನಿ ಕುಸಿದು ಬಂದವರಿಗೆ ವೈದ್ಯರು ಎದೆಯ ಎಕ್ಸ್‌ರೇ, ಸ್ಕ್ಯಾನ್ ಬರೆದುಕೊಟ್ಟರೆ ಸುಲಿಗೆ ಎಂದು ಗೊಣಗಬೇಡಿ. ಶ್ವಾಸಕೋಶದ ಗಡ್ಡೆಯೋ ಉಬ್ಬಿದ ಧಮನಿಯೋ ಎಡನರವನ್ನು ಒತ್ತುತ್ತಿರಬಹುದು. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲೂ ಈ ನರಗಳು ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಅಂಟಿಕೊಂಡು ಸಾಗುವುದರಿಂದ ವೈದ್ಯರ ಕೈ ಎಚ್ಚರದಿಂದಿರಬೇಕು. ಮೂರು ವಾರ ದಾಟಿದ ಗೊಗ್ಗರುಧ್ವನಿಯನ್ನು, ಅದರಲ್ಲೂ ಬೀಡಿ ಸಿಗರೇಟು ಸೇದುವವರು, ಶೀತ ಎಂದು ತಳ್ಳಿಹಾಕಬಾರದು.

ಅತಿ ಹೆಚ್ಚು ಪೆಟ್ಟು ತಿನ್ನುವ ಕೊರಳು ಹಾಡುಗಾರರದಲ್ಲ, ಮೇಷ್ಟ್ರುಗಳದು. 200ರ ಸ್ಥಾಯಿಯ ಟೀಚರ್ ಒಬ್ಬರು ದಿನದಲ್ಲಿ ಒಟ್ಟು ಒಂದು ಗಂಟೆ ನಾದ ಹೊರಡಿಸಿದರೆ ಮಡಿಕೆಗಳು 7,20,000 ಸಲ ಒಂದಕ್ಕೊಂದು ತಾಗಿರುತ್ತವೆ. ತಗಡಿನ ಸೂರು, ಪಕ್ಕದ ಕೋಣೆಯ ಮಗ್ಗಿ, ಹೊರಗೆ ಬಸ್ಸಿನ ಹಾರನ್. ಗದ್ದಲ ಏರಿದಂತೆ ನಮಗರಿವಿಲ್ಲದೆಯೇ ಧ್ವನಿ ಏರುತ್ತದೆ ಎಂದು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದಾನೆ. ಹೀಗೆ ವರ್ಷಗಟ್ಟಲೆ ಬಡಿದರೆ ಮಡಿಕೆಯ ಅಂಚಿನಲ್ಲಿ, ಬಡಿತ ಅತಿ ಜೋರಾಗಿರುವ ನಡುಜಾಗದಲ್ಲಿ, ಎರಡೂ ಬದಿಗೆ ಎದುರುಬದುರಾಗಿ ಸಣ್ಣ ಗಂಟುಗಳು ಏಳುತ್ತವೆ. ಬಹಳ ಸಲ ಇದಕ್ಕೆ ಕತ್ತರಿ ಬೇಡ, ಧ್ವನಿಯನ್ನು ಬಳಸುವ ರೀತಿಯನ್ನು ತಿದ್ದಿದರೆ ಕರಗುತ್ತವೆ. ಆ ತಿದ್ದುವಿಕೆಯ ತಜ್ಞರನ್ನು ತಯಾರು ಮಾಡುವುದರಲ್ಲಿ ದೇಶಕ್ಕೇ ಹೆಸರಾದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

ಗಂಟಲು ಕಟ್ಟಿದಾಗ ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು, ಶುಂಠಿ ಕಷಾಯ ಎಂದು ಮನೆಮನೆಗೊಂದು ಮದ್ದು. ಗಂಟಲಿಗೆ ಹಿತ ನಿಜ. ಆದರೆ ನುಂಗಿದ್ದು ಯಾವುದೂ ಧ್ವನಿಮಡಿಕೆಯನ್ನು ಮುಟ್ಟುವುದಿಲ್ಲ, ಮುಟ್ಟಿದರೆ ನೆತ್ತಿಗೇರುತ್ತದೆ. ಉಪ್ಪುನೀರು ಮುಕ್ಕಳಿಸಿದರೂ ಅದು ಮೇಲೆಯೇ ಉಳಿಯುತ್ತದೆ. ಅಲ್ಲಿಗೆ ನೇರ ತಲುಪುವುದು ಉಸಿರಿನೊಡನೆ ಹೋಗುವ ಹಬೆ, ಮತ್ತೆ ಹೊಗೆ. ಕುಡಿದ ನೀರು ರಕ್ತದ ಮೂಲಕ ನಿಧಾನವಾಗಿ ಅಲ್ಲಿನ ಲೋಳೆಯನ್ನು ತೆಳುವಾಗಿಡುತ್ತದೆ. ಇನ್ನು, ಧ್ವನಿ ಬಿದ್ದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ. ಒತ್ತಿ ಪಿಸುಗುಟ್ಟುವವರಲ್ಲಿ ಕೊರಳ ಸ್ನಾಯುಗಳು ಮಾತಿಗಿಂತ ಹೆಚ್ಚೇ ಬಿಗಿಯುತ್ತವೆ. ಸುಮ್ಮನಿರುವುದೇ ಸುಮ್ಮನಿರುವುದು.

ಇಡೀ ಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದರೆ? ಕ್ಯಾನ್ಸರ್ ಆದ ಧ್ವನಿಪೆಟ್ಟಿಗೆಯನ್ನು 1873ರ ಡಿಸೆಂಬರ್ 31ರಂದು ವಿಯೆನ್ನಾದಲ್ಲಿ ತಿಯೊಡೋರ್ ಬಿಲ್ರೋತ್ ಪೂರ್ತಿಯಾಗಿ ತೆಗೆದ. ಅವನ ಸಹಾಯಕ ಗುಸೆನ್‌ಬಾಯರ್ ರೋಗಿಗೆ ಕೃತಕ ಪೆಟ್ಟಿಗೆಯೊಂದನ್ನೂ ಮಾಡಿಕೊಟ್ಟ. ಇಂದು ಈ ಶಸ್ತ್ರಚಿಕಿತ್ಸೆ ಆದವರು ಕುತ್ತಿಗೆಯ ಬುಡದ ರಂಧ್ರದಿಂದ ಉಸಿರಾಡುತ್ತಾರೆ. ಶ್ವಾಸನಾಳಕ್ಕೂ ಬಾಯಿಗೂ ಸಂಪರ್ಕವೇ ಇರುವುದಿಲ್ಲ. ಅವರಿಗೆ ಮತ್ತೆ ಮಾತು ಕೊಡುವ ಉಪಾಯವನ್ನು ಅಮೆರಿಕದ ಸಿಂಗರ್ ಮತ್ತು ಬ್ಲೋಮ್ 1980ರಲ್ಲಿ ಪ್ರಕಟಿಸಿದರು. ಶ್ವಾಸನಾಳದ ಹಿಂಗೋಡೆಯಿಂದ ಅನ್ನನಾಳಕ್ಕೆ ಒಂದು ಸಣ್ಣ ತೂತು ಮಾಡಿ, ಗಾಳಿಯನ್ನು ಹಿಂದಕ್ಕೆ ಬಿಟ್ಟು ಅನ್ನವನ್ನು ಮುಂದಕ್ಕೆ ಬಿಡದ ಸಿಲಿಕೋನ್ ಕವಾಟ ಕೂರಿಸುವುದು. ಬೆರಳಿನಿಂದ ಕುತ್ತಿಗೆಯ ರಂಧ್ರ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ನುಗ್ಗುತ್ತದೆ, ಅದರ ಮೇಲ್ತುದಿಯ ಮೆತ್ತನೆಯ ಗೋಡೆಗಳು ಅಗಲಿ ಕೂಡಿ ಅಗಲಿ ಕೂಡಿ ಬಡಿಯುತ್ತವೆ. ಮಡಿಕೆಗಳು ಹೋದರೂ ಕಹಳೆಯ ನಿಯಮ ಬದಲಾಗುವುದಿಲ್ಲ. ತುಟಿ ನಾಲಿಗೆಗಳು ಮೊದಲಿನ ಹಾಗೆಯೇ ಇರುವುದರಿಂದ ಆ ಸದ್ದು ಕನ್ನಡವಾಗಿಯೇ ಹೊರಬರುತ್ತದೆ. ಸ್ಥಾಯಿ ಮಾತ್ರ ಗಂಡಸಿಗೂ ಹೆಂಗಸಿಗೂ ತಗ್ಗಿನದೇ.

ತೊಡಕು ಇರುವುದು ದುಡ್ಡಿನಲ್ಲಿ. ವಿದೇಶಿ ಕವಾಟಕ್ಕೆ ಹತ್ತಾರು ಸಾವಿರ ರೂಪಾಯಿ. ಅದರ ಮೇಲೆ ಶಿಲೀಂಧ್ರ ಬೆಳೆದು ಸೋರುವುದರಿಂದ ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. ಬೀಡಿ ಸೇದಿ ಕೊರಳು ಕಳೆದುಕೊಂಡ ಕೂಲಿಕಾರನಿಗೆ ಇದು ಆಗುವ ಮಾತಲ್ಲ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಉದ್ಯಮಿ ಗೆಳೆಯರೊಬ್ಬರ ಜೊತೆ ಸೇರಿ ಸುಮಾರು 50 ರೂಪಾಯಿಯ ‘ಓಂ’ ಕವಾಟವನ್ನು ರೂಪಿಸಿದ್ದು ಈ ಕಾರಣಕ್ಕೇ. ಆದರೂ ಒಂದು ಕೈ ಸದಾ ಕುತ್ತಿಗೆಗೆ ಮೀಸಲಾಗುವ ತೊಂದರೆ ಹಾಗೇ ಉಳಿದಿದೆ. ಜೋರಾಗಿ ಉಸಿರು ಬಿಟ್ಟಾಗ ತಾನೇ ಮುಚ್ಚಿಕೊಳ್ಳುವ ಮುಚ್ಚಳಗಳೂ ಸಿಗುತ್ತವೆ. ಅವು ದುಬಾರಿ, ಸಾಲದ್ದಕ್ಕೆ ಅಂಟಿನಿಂದ ಚರ್ಮಕ್ಕೆ ಕೂರಬೇಕು. ಬಿಸಿಲಲ್ಲಿ ದುಡಿಯುವವನ ಬೆವರಿಗೆ ಆ ಅಂಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ.